ಹಬ್ಬದ ಮಾಲು ಬಂದು ಬಿದ್ದಿದೆ, ಈಗ ಬಹಿಷ್ಕಾರ ಅಂತಾರೆ

ಪ್ರಶ್ನೆ: ಸರ್, ನಮಸ್ಕಾರ. ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇದೆ. ದೀಪಾವಳಿಗೆ ಅಂತ ಸೀರಿಯಲ್ ಲೈಟು, ಪ್ಲಾಸ್ಟಿಕ್ ಆಕಾಶಬುಟ್ಟಿ ಎಲ್ಲ ಸೇರಿ ಸುಮಾರು 40 ಸಾವಿರ ರೂಪಾಯಿಯ ಮಾಲು ತರಿಸಿದ್ದೇನೆ. ಮುಕ್ಕಾಲು ಪಾಲು ಚೀನಾದ್ದು. ಮೊನ್ನೆ ನಮ್ಮ ಓಣಿಯ ಹುಡುಗರು ಎಂಟು-ಹತ್ತು ಮಂದಿ ಬಂದು, ‘ಕಾಕಾ, ಈ ಸಲ ಚೀನಾ ಮಾಲು ಮಾರಬ್ಯಾಡ್ರಿ, ದೇಶದ ಸಲುವಾಗಿ ಇಷ್ಟು ಮಾಡ್ರಿ’ ಅಂದರು. ಒಳ್ಳೆಯ ಹುಡುಗರೇ. ಆದರೆ ನನ್ನ ರೊಕ್ಕ ಸಿಕ್ಕಿಕೊಂಡಿದೆ. ಮನೆಯಲ್ಲಿ ಮಗಳು ಟರ್ಕಿ ಸೇಬು ಬೇಡ, ಅಮೆರಿಕದ ಕೋಲಾನೂ ಬೇಡ ಅಂತಾಳೆ. ಹೀಗೆ ಮಾಡಿದರೆ ಆ ದೇಶಕ್ಕೆ ನಿಜವಾಗಿ ಏನಾದರೂ ತಟ್ಟುತ್ತದಾ? ನಾನು ಏನು ಮಾಡಲಿ? ಹುಡುಗರಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ 40 ಸಾವಿರದ ಮಾತು ಮುಗಿಸೋಣ. ದೇಶದ ಮಾತು ಆಮೇಲೆ.

ಆ ಮಾಲಿನ ದುಡ್ಡು ಚೀನಾಕ್ಕೆ ಆಗಲೇ ಹೋಗಿದೆ. ಒಂದು ಸೀರಿಯಲ್ ಸೆಟ್ ನಿಮ್ಮ ಅಂಗಡಿಗೆ ಬರುವ ದಾರಿ ನೋಡಿ. ಮುಂಬೈಯವರೋ ದೆಹಲಿಯವರೋ ಒಬ್ಬ ಆಮದುದಾರರು ಹಬ್ಬಕ್ಕೆ ಎಷ್ಟೋ ತಿಂಗಳು ಮೊದಲೇ ಆರ್ಡರ್ ಕೊಡುತ್ತಾರೆ. ಸ್ವಲ್ಪ ಮುಂಗಡ, ಉಳಿದದ್ದು ಕಂಟೇನರ್ ಹಡಗು ಹತ್ತುವ ಹೊತ್ತಿಗೆ. ನ್ಹಾವಾ ಶೇವಾ ಬಂದರಿನಲ್ಲಿ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಕಟ್ಟಿ ಬಿಡಿಸಿಕೊಳ್ಳುತ್ತಾರೆ. ಅಲ್ಲಿಂದ ಹುಬ್ಬಳ್ಳಿಯ ಹೋಲ್‌ಸೇಲ್‌ನವರಿಗೆ, ಅವರಿಂದ ನಿಮಗೆ. ನಿಮ್ಮ ಕಪಾಟಿನಲ್ಲಿ ಈಗ ಕೂತಿರುವ ಡಬ್ಬದಲ್ಲಿ ಚೀನಾದವರ ಲಾಭ ಒಂದು ಪೈಸೆಯೂ ಬಾಕಿ ಇಲ್ಲ. ಬಾಕಿ ಇರುವುದು ನಿಮ್ಮ ಲಾಭ, ಉದ್ರಿ ತಂದಿದ್ದರೆ ಹುಬ್ಬಳ್ಳಿಯವರ ಲಾಭ. ನೀವು ಅದನ್ನು ಮಾರದೇ ಬಿಟ್ಟರೆ ಪೆಟ್ಟು ಬೀಳುವುದು ಜಮಖಂಡಿಗೆ. ಆ ಕಡೆಯ ಕಾರ್ಖಾನೆಯವನಿಗೆ ಸುದ್ದಿ ಕೂಡ ಮುಟ್ಟುವುದಿಲ್ಲ.

ಸುಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ಇನ್ನೊಂದು ತೊಡಕಿದೆ. ಜಿಎಸ್‌ಟಿ ಕಾನೂನಿನ 17(5) ಕಲಮಿನ ಪ್ರಕಾರ, ನಾಶಮಾಡಿದ ಮಾಲಿನ ಮೇಲೆ ನೀವು ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟು ಆಮೇಲೆ ನಿಮ್ಮ ತೆರಿಗೆಯಲ್ಲಿ ಕಳೆದುಕೊಂಡ ಜಿಎಸ್‌ಟಿ, ವಾಪಸ್ ಕಟ್ಟಬೇಕು. 40 ಸಾವಿರದ ಮೇಲೆ 18 ಪರ್ಸೆಂಟ್ ಅಂದರೆ 7,200 ರೂಪಾಯಿ. ಮಾಲೂ ಹೋಯಿತು, ತೆರಿಗೆಯೂ ಹೋಯಿತು. (ನೀವು ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಈ ಕ್ರೆಡಿಟ್ಟೇ ಸಿಕ್ಕಿರುವುದಿಲ್ಲ, ಹಾಗಾಗಿ ತಲೆಬಿಸಿ ಇಲ್ಲ.)

ಮತ್ತೆ, ಡಬ್ಬದ ಮೇಲಿನ ‘ಮೇಡ್ ಇನ್ ಚೀನಾ’ ಚೀಟಿಯನ್ನು ಉಗುರಿನಿಂದ ಕೆರೆದು ಮಾರುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಆಮದಾದ ಪ್ಯಾಕೆಟ್ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ತೂಕ-ಅಳತೆ ಇಲಾಖೆಯ ನಿಯಮವೇ ಇದೆ. ಅದಕ್ಕಿಂತ ಹೆಚ್ಚಾಗಿ, ಬೇಡ ಅನ್ನುವ ಗಿರಾಕಿಗೆ ಬೇಡ ಅನ್ನಲು ಆ ಚೀಟಿ ಬೇಕು. ಅದನ್ನು ಕಿತ್ತರೆ ಆ ಹುಡುಗರಿಗೆ ನೀವು ಮೋಸ ಮಾಡಿದ ಹಾಗೆ.

ಹಾಗಾಗಿ ಈ ವರ್ಷದ ಮಾಲು ಮಾರಿ. ಚೀಟಿ ಕಾಣುವ ಹಾಗೆ ಇಟ್ಟು ಮಾರಿ. ಬಹಿಷ್ಕಾರ ನಡೆಯುವುದು ಆರ್ಡರ್ ಬರೆಯುವ ದಿನ, ಮಾರುವ ದಿನ ಅಲ್ಲ. ಹುಡುಗರು ಸರಿಯಾದ ಅಂಗಡಿಗೇ ಬಂದಿದ್ದಾರೆ, ಬಂದ ತಿಂಗಳು ತಪ್ಪಿದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ತಟ್ಟುತ್ತದಾ?

ಸುಮ್ನೆ ಲೆಕ್ಕ ನೋಡಿ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ತೀರಿಕೊಂಡರು. ಊರೂರಲ್ಲಿ ಚೀನಾದ ಟಿವಿ, ಫೋನು ಒಡೆದರು. ಜೂನ್ 29ಕ್ಕೆ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಷ್ಟು ಸಿಟ್ಟಿನ ಆ ವರ್ಷ, ಅಂದರೆ 2020-21ರಲ್ಲಿ, ಚೀನಾದಿಂದ ನಾವು ತರಿಸಿದ್ದು ಸುಮಾರು 6,500 ಕೋಟಿ ಡಾಲರ್ ಮಾಲು. ಹಿಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಇತ್ತು. 2024-25ರಲ್ಲಿ ಅದು 11,300 ಕೋಟಿ ಡಾಲರ್ ದಾಟಿತು. ಸಿಟ್ಟು ಇಳಿಯಿತು ಅಂತ ಹೀಗಾಯಿತು ಅನ್ನಬೇಡಿ. ನಾವು ಒಡೆದದ್ದು ಕಣ್ಣಿಗೆ ಕಾಣುವ ಮಾಲು. ತರಿಸಿದ್ದರಲ್ಲಿ ಜಾಸ್ತಿ ಪಾಲು ಕಣ್ಣಿಗೆ ಕಾಣದ್ದು: ಯಂತ್ರದ ಬಿಡಿಭಾಗ, ಫೋನಿನ ಒಳಗಿನ ಭಾಗ, ಔಷಧಿ ತಯಾರಿಸುವ ಕಚ್ಚಾ ಪದಾರ್ಥ, ಸೋಲಾರ್ ಸೆಲ್.

ಆ ಜೂನ್‌ನಲ್ಲಿ ನಾನೂ ಹುರುಪಿಗೆ ಬಿದ್ದವನೇ. ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಅಲೆದು ‘ಶುದ್ಧ ಸ್ವದೇಶಿ’ ಅಂತ ಬರೆದಿದ್ದ ಸೀರಿಯಲ್ ಸೆಟ್ ತಂದೆ. ಅರವತ್ತು ರೂಪಾಯಿ ಜಾಸ್ತಿ ಕೊಟ್ಟೆ. ಡಬ್ಬದ ಮೇಲೆ ತ್ರಿವರ್ಣ. ಎರಡನೇ ದಿನವೇ ಅಡಾಪ್ಟರ್ ಬಿಸಿಯಾಗಿ ನಿಂತಿತು. ಸ್ಕ್ರೂ ಬಿಚ್ಚಿ ನೋಡಿದರೆ ಒಳಗಿನ ಹಸಿರು ಪಟ್ಟಿಯ ಮೇಲೆ ಸಾಲಾಗಿ ಚೀನೀ ಅಕ್ಷರ. ಡಬ್ಬ ನಮ್ಮದು, ವೈರು ನಮ್ಮದೇ ಇರಬಹುದು, ದೀಪ ಉರಿಸುವ ಜೀವ ಅವರದ್ದು. ಇಡೀ ಮಾಲು ಅವರದ್ದಾಗಿದ್ದರೆ ನನಗೆ ಅರವತ್ತು ರೂಪಾಯಿ ಉಳಿಯುತ್ತಿತ್ತು.

ಹಾಗಂತ ಯಾವತ್ತೂ ತಟ್ಟುವುದಿಲ್ಲ ಅಂತಲ್ಲ. ಆಟಿಕೆ ನೋಡಿ. 2018-19ರಲ್ಲಿ ಭಾರತ ಸುಮಾರು 37 ಕೋಟಿ ಡಾಲರ್ ಆಟಿಕೆ ಆಮದು ಮಾಡಿತ್ತು, ಬಹುಪಾಲು ಚೀನಾದಿಂದ. 2021-22ಕ್ಕೆ ಅದು 11 ಕೋಟಿ ಡಾಲರಿಗೆ ಇಳಿಯಿತು. ಇದು ಆಟಿಕೆ ಸುಟ್ಟದ್ದರಿಂದ ಆದದ್ದಲ್ಲ. 2020ರ ಬಜೆಟ್‌ನಲ್ಲಿ ಸುಂಕವನ್ನು 20ರಿಂದ 60 ಪರ್ಸೆಂಟ್‌ಗೆ ಏರಿಸಿದರು. 2021ರ ಜನವರಿ 1ರಿಂದ ಐಎಸ್‌ಐ ಗುರುತು ಇಲ್ಲದ ಆಟಿಕೆ ಮಾರುವಂತಿಲ್ಲ ಅಂದರು. ಅಷ್ಟರಲ್ಲಿ ಇಲ್ಲೇ ತಯಾರಿಸುವವರೂ ಎದ್ದುನಿಂತರು. ನಮ್ಮ ಗೋಕಾಕದ ಬಣ್ಣದ ಹಣ್ಣುಗಳು, ಗೊಂಬೆಗಳಿಗೂ ಇದರಿಂದ ಏನಾದರೂ ಲಾಭವಾಯಿತಾ ಅಂತ ಕೇಳಬೇಡಿ, ಅದು ಬೇರೆಯೇ ದುಃಖ.

ನಮ್ಮ ಭಾಗದವರು ಬಹಿಷ್ಕಾರದ ಮಾತು ಆಡುವಾಗ ನೆನಪಿಸಿಕೊಳ್ಳಬೇಕಾದ್ದು 1924ರ ಬೆಳಗಾವಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು, ಟಿಳಕವಾಡಿಯಲ್ಲಿ ಡಿಸೆಂಬರ್‌ನಲ್ಲಿ ನಡೆಯಿತು. ನೀರಿಗೆ ತೋಡಿದ ಕಾಂಗ್ರೆಸ್ ಬಾವಿ ಇನ್ನೂ ಇದೆ, ಪಕ್ಕದಲ್ಲಿ ಅಧಿವೇಶನದ ಸ್ಮಾರಕ ವೀರಸೌಧ. ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಏನು ತೀರ್ಮಾನ ಆಯಿತು ಅಂತ ಕೇಳಿದರೆ ಹೇಳುವವರು ಕಡಿಮೆ.

ಆದದ್ದು ಇದು. ಅಸಹಕಾರ ಚಳವಳಿಯ ಕಾರ್ಯಕ್ರಮವನ್ನು ಅಲ್ಲಿ ನಿಲ್ಲಿಸಿದರು. ಶಾಲೆ, ಕೋರ್ಟು, ಕೌನ್ಸಿಲ್ಲು ಎಲ್ಲದರ ಬಹಿಷ್ಕಾರವನ್ನೂ ಕೈಬಿಟ್ಟರು. ಉಳಿಸಿಕೊಂಡದ್ದು ಒಂದೇ: ಭಾರತದ ಹೊರಗೆ ತಯಾರಾದ ಬಟ್ಟೆ ಉಡುವುದಿಲ್ಲ, ಬಳಸುವುದಿಲ್ಲ. ಬ್ರಿಟಿಷ್ ಬಟ್ಟೆ ಅಂತ ಅಲ್ಲ, ಹೊರಗಿನ ಬಟ್ಟೆ ಅಂತ. ಆಗ ಜಪಾನಿನ ಬಟ್ಟೆಯೂ ಬರುತ್ತಿತ್ತು. ಬ್ರಿಟನ್ನಿನದ್ದು ಮಾತ್ರ ಬಿಟ್ಟಿದ್ದರೆ ಆ ಜಾಗಕ್ಕೆ ಜಪಾನಿನದ್ದು ಬಂದು ಕೂರುತ್ತಿತ್ತು, ಮಗ್ಗದವನಿಗೆ ಏನೂ ಸಿಗುತ್ತಿರಲಿಲ್ಲ. ಗಾಂಧೀಜಿಗೆ ಇನ್ನೊಂದು ಕಾರಣವೂ ಇತ್ತು. ಒಂದೇ ದೇಶದ ಮಾಲನ್ನು ಗುರಿ ಮಾಡುವುದರಲ್ಲಿ ಶಿಕ್ಷೆ ಕೊಡುವ ಸಿಟ್ಟು ಇರುತ್ತದೆ, ಅದು ಹಿಂಸೆಯ ಪಕ್ಕದ ಮನೆ ಅನ್ನುವುದು ಅವರ ಆಗಿನ ವಾದ. (1930ರ ಹೊತ್ತಿಗೆ ಕಾಂಗ್ರೆಸ್ಸು ಬ್ರಿಟಿಷ್ ಮಾಲಿನ ಬಹಿಷ್ಕಾರಕ್ಕೂ ಇಳಿಯಿತು, ಆ ಮಾತು ಬೇರೆ.)

ಇನ್ನೂ ಮುಖ್ಯವಾದದ್ದು ಸದಸ್ಯತ್ವದ ಷರತ್ತು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ಕೈನೂಲು ಕೊಡಬೇಕು ಅಂತ ಬೆಳಗಾವಿಯಲ್ಲಿ ಒಪ್ಪಿದರು. ದಿನಕ್ಕೆ ಅರ್ಧ ಗಂಟೆ ಚರಕ ತಿರುಗಿಸಿದರೆ ಸಾಕು ಅನ್ನುವ ಲೆಕ್ಕ. ಅರ್ಧ ಗಂಟೆ ಏನು ಮಹಾ ಅನಿಸುತ್ತೆ, ಅಲ್ವಾ? ಬೆಳಗಾವಿ ತಾಲೂಕಿನ ಹುದಲಿಗೆ ಒಮ್ಮೆ ಹೋಗಿ ನೋಡಿ. ಗಂಗಾಧರರಾವ್ ದೇಶಪಾಂಡೆಯವರು ಖಾದಿ ಕೆಲಸಕ್ಕೆ ನೆಲೆ ಮಾಡಿಕೊಂಡ ಊರು, 1937ರಲ್ಲಿ ಗಾಂಧೀಜಿ ಬಂದು ಉಳಿದಿದ್ದರು. ಅಲ್ಲಿ ನೂಲುವ ಹೆಣ್ಣುಮಕ್ಕಳು ನನ್ನ ಕೈಗೆ ಹತ್ತಿಯ ಹಂಜಿ ಕೊಟ್ಟು ‘ಎಳೀರಿ ಸರ್’ ಅಂದಿದ್ದರು. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಎಳೆ ಹರಿಯಿತು. ಹರಿದ ಪ್ರತಿ ಸಲವೂ ಅವರು ನಗದೆ ಗಂಟು ಹಾಕಿಕೊಟ್ಟರು. ಅದು ನಕ್ಕಿದ್ದಕ್ಕಿಂತ ಕಷ್ಟವಾಯಿತು.

ನಿಯಮ ಬಾಳಿಕೆ ಬರಲಿಲ್ಲ. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಕೊಟ್ಟರೂ ನಡೆಯುತ್ತದೆ ಅಂತ ಅದರಲ್ಲೇ ಒಂದು ಕಿಂಡಿ ಬಿಟ್ಟಿದ್ದರು. 1925ರ ಸೆಪ್ಟೆಂಬರ್‌ನಲ್ಲಿ ಪಟನಾದಲ್ಲಿ ಸೇರಿ, ನೂಲು ಇಲ್ಲವೇ ನಾಲ್ಕಾಣೆ ಅಂತ ಸಡಿಲ ಮಾಡಿದರು. ಒಂಬತ್ತು ತಿಂಗಳು. ಸೋತ ನಿಯಮವೇ, ಒಪ್ಪುತ್ತೇನೆ. ಆದರೆ ನನಗೆ ಅದರ ಮೇಲೆ ಗೌರವ ಜಾಸ್ತಿ. ಯಾಕೆಂದರೆ ಬಹಿಷ್ಕಾರ ಬೇಕು ಅನ್ನುವವನೇ ಮೊದಲು ಅದರ ಬೆಲೆ ಕೊಡಲಿ ಅಂತ ಅದು ಕೇಳಿತ್ತು. ನಿಮ್ಮ ಓಣಿಯ ಹುಡುಗರು ಬೆಲೆಯ ಚೀಟಿಯನ್ನು ನಿಮ್ಮ ಕೈಗೆ ಕೊಟ್ಟು ಹೋಗಿದ್ದಾರೆ, ವ್ಯತ್ಯಾಸ ಅಷ್ಟೇ.

ಇದಕ್ಕೂ ಮೊದಲೇ ಬಂಗಾಳದಲ್ಲಿ ಈ ತಪ್ಪು ಆಗಿತ್ತು. 1905ರ ಆಗಸ್ಟ್ 7ರಂದು ಕಲಕತ್ತೆಯ ಟೌನ್‌ಹಾಲ್‌ನಲ್ಲಿ, ಬಂಗಾಳದ ವಿಭಜನೆಯನ್ನು ವಿರೋಧಿಸಿ, ಬ್ರಿಟಿಷ್ ಮಾಲಿನ ಬಹಿಷ್ಕಾರದ ಠರಾವು ಆಯಿತು. ಈಗ ಅದೇ ದಿನವನ್ನು ಕೈಮಗ್ಗ ದಿನ ಅಂತ ಆಚರಿಸುತ್ತೇವೆ. ಉತ್ಸಾಹ ದೊಡ್ಡದಿತ್ತು. ಬೇಡಿಕೆ ಏರಿದ್ದು ನೋಡಿ ದೇಶೀ ಮಿಲ್‌ಗಳೇ ಬಟ್ಟೆಯ ದರ ಏರಿಸಿದವು. ಸಂತೆಯಲ್ಲಿ ವಿಲಾಯತಿ ಸೀರೆ, ಉಪ್ಪು ಮಾರುತ್ತಿದ್ದ ಬಡ ವ್ಯಾಪಾರಿಗಳ ಮಾಲನ್ನು ಕಿತ್ತು ಸುಟ್ಟರು. ಅವರಲ್ಲಿ ತುಂಬ ಜನ ಮುಸಲ್ಮಾನರು. ಜಮೀನ್ದಾರರು ಹೇಳಿದ ದೇಶಭಕ್ತಿಗೆ ತಮ್ಮ ಗಂಜಿ ಯಾಕೆ ಹೋಗಬೇಕು ಅಂತ ಅವರಿಗೆ ಅನಿಸಿತು. 1911ರಲ್ಲಿ ಬಂಗಾಳದ ವಿಭಜನೆ ರದ್ದಾಯಿತು ನಿಜ. ಸಂತೆಯಲ್ಲಿ ಬಿದ್ದ ಆ ಬಿರುಕು ಬೇಗ ಮುಚ್ಚಲಿಲ್ಲ.

ಅಂಕಿ ಬೇಕಾದರೆ, ಬಟ್ಟೆ ಬಹಿಷ್ಕಾರ ಜೋರಾಗಿ ತಟ್ಟಿದ ವರ್ಷ 1930. ಬ್ರಿಟಿಷ್ ಬಟ್ಟೆಯ ಆಮದು ಹಿಂದಿನ ವರ್ಷದ 124 ಕೋಟಿ ಗಜದಿಂದ 52 ಕೋಟಿ ಗಜಕ್ಕೆ ಬಿತ್ತು. ಜಗತ್ತಿನ ಆರ್ಥಿಕ ಕುಸಿತವೂ ಆಗಲೇ ಶುರುವಾಗಿತ್ತು, ಸುಂಕವೂ ಏರಿತ್ತು. ಹಾಗಾಗಿ ಇದರಲ್ಲಿ ಬಹಿಷ್ಕಾರದ ಪಾಲು ಎಷ್ಟು ಅಂತ ತಕ್ಕಡಿಯಲ್ಲಿ ತೂಗಿ ಹೇಳಲು ಬರುವುದಿಲ್ಲ. ಮರುವರ್ಷ ಗಾಂಧೀಜಿ ಇಂಗ್ಲೆಂಡಿಗೆ ಹೋದಾಗ ಲಂಕಾಶೈರಿನ ಡಾರ್ವೆನ್‌ಗೆ ಹೋಗಿ, ಕೆಲಸ ಕಳೆದುಕೊಂಡ ಮಿಲ್ ಕಾರ್ಮಿಕರ ಜೊತೆ ಕೂತು ಮಾತಾಡಿದರು. ತಮ್ಮ ಬಹಿಷ್ಕಾರದಿಂದ ಕಷ್ಟಕ್ಕೆ ಬಿದ್ದವರ ಮನೆಗೇ ಹೋಗಿ ಯಾಕೆ ಮಾಡಿದೆ ಅಂತ ಹೇಳುವುದು ಸಣ್ಣ ಮಾತಲ್ಲ.

ಗೆದ್ದ ಬಹಿಷ್ಕಾರಗಳಲ್ಲಿ ನನಗೆ ಇಷ್ಟವಾದದ್ದು ನಿಮ್ಮಂಥ ಅಂಗಡಿಯಲ್ಲೇ ನಡೆದದ್ದು. ಐರ್ಲೆಂಡಿನ ಡಬ್ಲಿನ್, 1984ರ ಜುಲೈ. ಡನ್ಸ್ ಸ್ಟೋರ್ಸ್ ಅಂತ ದೊಡ್ಡ ಅಂಗಡಿ. ಬಿಲ್ ಮಾಡುವ ಮೇರಿ ಮ್ಯಾನಿಂಗ್ ಅನ್ನುವ 21 ವರ್ಷದ ಹುಡುಗಿ, ಗಿರಾಕಿ ತಂದ ಎರಡು ದಕ್ಷಿಣ ಆಫ್ರಿಕಾದ ಚಕ್ಕೋತ ಹಣ್ಣಿಗೆ ಬಿಲ್ ಮಾಡುವುದಿಲ್ಲ ಅಂದಳು. ವರ್ಣಭೇದದ ದೇಶದ ಹಣ್ಣು ಮುಟ್ಟಬೇಡಿ ಅಂತ ಅವಳ ಯೂನಿಯನ್ ಹೇಳಿತ್ತು. ಅಮಾನತು ಮಾಡಿದರು. ಜೊತೆಯ ಹತ್ತು-ಹನ್ನೊಂದು ಮಂದಿ ಹೊರಗೆ ಬಂದು ಕೂತರು. ಎರಡೂವರೆ ವರ್ಷಕ್ಕೂ ಜಾಸ್ತಿ ಕೂತರು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು-ತರಕಾರಿಯ ಆಮದನ್ನೇ ನಿಲ್ಲಿಸಿತು. ಒಂದು ದೇಶ, ಒಂದು ಮಾಲು, ಒಂದು ಬೇಡಿಕೆ. ಬೆಲೆ ಕೊಟ್ಟವರು ಅವರೇ. ಮತ್ತು ಬಹಿಷ್ಕಾರ ಮಾಡಿ ಅಂತ ಕೇಳಿದ್ದು ಅನ್ಯಾಯಕ್ಕೆ ಒಳಗಾದ ಕರಿಯರೇ, 1959ರಿಂದ ಕೇಳುತ್ತಿದ್ದರು. ಹಾಗೆ ನೋಡಿದರೆ ನಾವು ಅದಕ್ಕೂ ಮೊದಲಿಗರು. ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ, 1946ರಲ್ಲಿ.

ಚೀನಾದ ವಿಷಯದಲ್ಲಿ ನಮ್ಮ ಬೇಡಿಕೆ ಏನು? ಏನಾದರೆ ಬಹಿಷ್ಕಾರ ನಿಲ್ಲುತ್ತದೆ? ಹುಡುಗರನ್ನು ಇದನ್ನು ಕೇಳಿ ನೋಡಿ. ಉತ್ತರ ಇಲ್ಲದಿದ್ದರೆ ಬೇಸರ ಮಾಡಬೇಡಿ, ದೊಡ್ಡವರ ಹತ್ತಿರವೂ ಇಲ್ಲ.

ನಮ್ಮ ರಾಜ್ಯದ ಒಳಗೇ ಈ ಮಾತು ಎಷ್ಟು ಸಿಕ್ಕಾಗಿದೆ ನೋಡಿ. ಇಳಕಲ್ ಸೀರೆಯ ಕೆಂಪು ಸೆರಗಿಗೆ ರೇಷ್ಮೆ ಬೇಕು. ಚೀನಾದ ಕಚ್ಚಾ ರೇಷ್ಮೆ ಅಗ್ಗವಾದರೆ ನೇಯುವವರಿಗೆ ಒಳ್ಳೆಯದು. 2011ರ ಬಜೆಟ್‌ನಲ್ಲಿ ಅದರ ಸುಂಕವನ್ನು 30ರಿಂದ 5 ಪರ್ಸೆಂಟ್‌ಗೆ ಇಳಿಸಿದಾಗ ರಾಮನಗರದ ಕಡೆ ಗೂಡಿನ ದರ ಬಿದ್ದು ರೈತರು ಬೀದಿಗೆ ಬಂದರು. ಚೀನಾ ರೇಷ್ಮೆ ಬೇಡ ಅನ್ನುವುದು ದೇಶಭಕ್ತಿಯಾದರೆ ಆ ದೇಶ ರಾಮನಗರದ್ದೋ ಇಳಕಲ್ಲಿನದ್ದೋ? ಆ ಕಡೆ ವಿಜಯಪುರದ ತಿಕೋಟಾಕ್ಕೆ ಹೋಗಿ. ದ್ರಾಕ್ಷಿಗೆ ಡ್ರಿಪ್‌ನಲ್ಲಿ ಬಿಡುವ ನೀರಲ್ಲಿ ಕರಗುವ ಗೊಬ್ಬರದ ಬಹುಪಾಲು ಚೀನಾದಿಂದ ಬರುತ್ತದೆ. 2025ರಲ್ಲಿ ಅವರೇ ಅದನ್ನು ಕೆಲಕಾಲ ತಡೆಹಿಡಿದರು. ಬಹಿಷ್ಕಾರದ ಕತ್ತಿಗೆ ಹಿಡಿಕೆ ಎರಡೂ ಕಡೆ ಇದೆ.

ಮಗಳ ಮಾತಿಗೆ ಬರೋಣ. ಟರ್ಕಿ ಸೇಬಿನ ವಿಷಯದಲ್ಲಿ ಅವಳ ಕೆಲಸ ಸುಲಭ. 2025ರ ಮೇನಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಾಗ ಪುಣೆಯ ವ್ಯಾಪಾರಿಗಳು ಆ ಸೇಬು ತರಿಸುವುದನ್ನೇ ಬಿಟ್ಟರು. ಸೇಬು ಬೇರೆ ಕಡೆಯಿಂದಲೂ ಸಿಗುತ್ತದೆ, ಯಾರ ಒಲೆಯೂ ಆರುವುದಿಲ್ಲ. ಹಿಮಾಚಲದ ಬೆಳೆಗಾರರು ಅದನ್ನು ನಿಷೇಧಿಸಿ ಅಂತ ಮೊದಲೇ ಕೇಳುತ್ತಿದ್ದರು, ಅವರಿಗೆ ದೇಶಭಕ್ತಿಯೂ ದರವೂ ಒಟ್ಟಿಗೆ ಸಿಕ್ಕಿತು. ಒಂದು ಮಾತು ಗೊತ್ತಿರಲಿ: ಟರ್ಕಿಯಿಂದ ನಾವು ಕೊಳ್ಳುವುದಕ್ಕಿಂತ ಅವರಿಗೆ ಮಾರುವುದು ಜಾಸ್ತಿ.

ಕೋಲಾ ಸ್ವಲ್ಪ ತೊಡಕು. ಹೆಸರು ಅಮೆರಿಕದ್ದು, ಲಾಭದ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಆದರೆ ಬಾಟಲಿ ತುಂಬುವವರು ಇಲ್ಲಿಯವರು, ಸಕ್ಕರೆ ಇಲ್ಲಿಯದು. ನಿಮ್ಮ ಊರಿನ ಸುತ್ತ ಬೆಳೆದ ಕಬ್ಬಿನದ್ದೇ ಇರಬಹುದು. ಸಕ್ಕರೆ ಅಂದಾಗ ನೆನಪಾಯಿತು: 1791ರಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಗುಲಾಮರು ಬೆಳೆದ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಬಿಟ್ಟಿದ್ದರು. ಮುಂದೆ ಕೆಲವರು ‘ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಅಂತ ಬರೆದ ಬಟ್ಟಲನ್ನೇ ಟೇಬಲ್ ಮೇಲೆ ಇಡುತ್ತಿದ್ದರು. ಚಹಾಕ್ಕೆ ಬಂದ ನೆಂಟರು ಓದಲಿ ಅಂತ. ಈಗಿನ ಸ್ಟೇಟಸ್ ಹಾಕುವವರ ಮುತ್ತಜ್ಜಿಯರು ಅವರು. ಮಗಳು ಕೋಲಾ ಬಿಟ್ಟರೆ ಬಿಡಲಿ, ಹಲ್ಲಿಗೂ ಒಳ್ಳೆಯದು. ಹಾಗೆಯೇ 2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಬಹಳಷ್ಟು ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಏನು ಮಾತು ನಡೆದಿತ್ತು ಅಂತಲೂ ಅವಳಿಗೆ ಹೇಳಿ. ಹೊರದೇಶಕ್ಕೆ ಎರಕ ಮಾಡಿ ಕಳಿಸುವವರಿಗೆ ಬೇರೆ ದೇಶದವರ ‘ಬೇಡ’ ಅನ್ನುವ ಮಾತು ಹೇಗೆ ಕೇಳಿಸುತ್ತದೆ ಅಂತ ಅಲ್ಲಿ ತಿಳಿಯುತ್ತದೆ.

ಇನ್ನು ಹುಡುಗರು. ಅವರು ಕೇಳಿಕೊಂಡರು, ಬೆದರಿಸಲಿಲ್ಲ. ಅದು ಅವರ ಹಕ್ಕು, ಗೌರವದಿಂದಲೇ ಮಾತಾಡಿ. ನಾಳೆ ಬೇರೆ ಯಾರಾದರೂ ಬಂದು ಮಾಲು ಹೊರಗೆಳೆದು ರಸ್ತೆಗೆ ಹಾಕಿದರೆ ಅದು ಬಹಿಷ್ಕಾರ ಅಲ್ಲ, ಪೊಲೀಸ್ ಕೇಸು.

ಪಾಡ್ಯದ ದಿನ ಹೊಸ ಖಾತೆ ಪುಸ್ತಕದ ಪೂಜೆಗೆ ಅವರನ್ನೂ ಕರೆಯಿರಿ. ಮುಂದಿನ ಹಬ್ಬಕ್ಕೆ ಏನು ತರಿಸಬೇಕು ಅಂತ ಅಲ್ಲೇ ಪಟ್ಟಿ ಮಾಡಿ. ಆಕಾಶಬುಟ್ಟಿಯಿಂದ ಶುರು ಮಾಡುವುದು ಒಳ್ಳೆಯದು. ಬಿದಿರ ಕಡ್ಡಿ, ಬಣ್ಣದ ಕಾಗದದ್ದನ್ನು ನಮ್ಮ ಊರುಗಳಲ್ಲೇ ಕಟ್ಟುತ್ತಾರೆ, ಅದರೊಳಗೆ ಹಾಕುವ ಬಲ್ಬೊಂದೇ ಚಿಂತೆ. ಕುಂಬಾರರ ಪಣತಿಯನ್ನೂ ಪಟ್ಟಿಗೆ ಸೇರಿಸಿ. ಸೀರಿಯಲ್ ಲೈಟನ್ನು ಸದ್ಯಕ್ಕೆ ಬಿಟ್ಟುಬಿಡಿ, ಅದರಲ್ಲಿ ನಾನು ಅರವತ್ತು ರೂಪಾಯಿ ಕಳೆದುಕೊಂಡಿದ್ದೇನೆ. ಬೆಲೆ ಸ್ವಲ್ಪ ಜಾಸ್ತಿ ಆಗುತ್ತದೆ ಅಂತ ಮೊದಲೇ ಹೇಳಿ. ಆಮೇಲೆ ಒಬ್ಬೊಬ್ಬರಿಂದಲೂ ನೂರು ರೂಪಾಯಿ ಮುಂಗಡ ತಗೊಂಡು ರಸೀದಿ ಕೊಡಿ. ಎಷ್ಟು ರಸೀದಿ ಹರಿದಿರೋ ಅಷ್ಟೇ ಮಾಲಿಗೆ ಆರ್ಡರ್ ಬರೆಯಿರಿ.